ಅವಳೂರಿನ ನೀರಿನ ಆಳ

ಪುಟ್ಟಿಯ ಅಪ್ಪನಿಗೆ ನಮಸ್ಕಾರ.

ನಿನ್ನೆ ಕೆಟ್ಟ ಕನಸು ಬಿತ್ತು. ಪ್ರವಾಸಿ ಹಡಗು ನಮ್ಮ ಬಂದರಿಗೆ ಬೆನ್ನು ಹಾಕಿ ಹೋಗುತ್ತಿತ್ತು. ನೀವು ಮೇಲೆ ನಿಂತು ಕೈ ಬೀಸುತ್ತಿದ್ದಿರಿ, ನನಗಲ್ಲ.

ನಮ್ಮೂರು, ಆ ಇನ್ನೊಂದು ಊರು, ಎರಡರಲ್ಲಿ ಯಾವ ಬಂದರಿನ ನೀರು ಹೆಚ್ಚು ಆಳವೋ ಅದೇ ಹಡಗಿಗೆ ನೆಲೆ, ಅಲ್ಲಿಗೇ ನಿಮಗೆ ವರ್ಗ ಅಂದಿದ್ದಿರಿ. ಆ ಊರಿನ ಬಂದರು ಅಳೆಯಲು ಹೋದವರು ಮೂರು ಕಾಗದ ಬರೆದಿರಿ, ಮೂರರಲ್ಲೂ ಲಾಡ್ಜಿನ ಯಜಮಾನಿಯದೇ ಸುದ್ದಿ. ಅಂಗಿಗೆ ಗುಂಡಿ ಹೊಲಿದುಕೊಟ್ಟಳಂತೆ. ಹೊಲಿಯಲಿ, ನನಗೇನು?

ನಾನು ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ಬೈಯಿರಿ. ನೀವು ಇಲ್ಲಿ ಆಳ ನೋಡಿದ ದಿನ ಊಟ ತಂದವಳು ನಾನೇ. ಇಳಿತದ ಹೊತ್ತು, ನೀರು ಇಳಿದು ಬಂದರಿನ ಕೊನೆಯ ಮೆಟ್ಟಿಲಲ್ಲೂ ಬರೀ ಕೆಸರಿತ್ತು. ಅಲ್ಲಿ ಅಳೆದಾಗ ನೀರು ಮೇಲಿನ ಮೆಟ್ಟಿಲಿಗೇ ಬಂದು ಅವಳ ಕಾಲು ಒದ್ದೆಯಾಯಿತೆಂದು ನೀವೇ ಬರೆದಿದ್ದೀರಿ.

ವರದಿ ಕಳಿಸುವ ಮೊದಲು ಒಮ್ಮೆ ಬನ್ನಿ. ಇಲ್ಲೂ ಉಬ್ಬರ ಬಂದು ನೀರು ತುಂಬಿದಾಗ ಅಳೆದು ನೋಡಿ.

ಇಂತಿ,
ಪುಟ್ಟಿಯ ಅಮ್ಮ