ಖಾನಾಪುರದಲ್ಲಿ ಯಾರು ಗೆಲ್ಲುತ್ತಾರೆ

ಅನಗೋಳ, ಬೆಳಗಾವಿ
ಬುಧವಾರ, ೫ ನವೆಂಬರ್ ೨೦೨೫

ಪ್ರೀತಿಯ ಅರಿಹಂತಾ,

ನಿನ್ನ ಅವ್ವನ ಆಶೀರ್ವಾದಗಳು. ಕೆಮ್ಮು ಹೇಗಿದೆ? ಫೌಂಡ್ರಿಯ ಭಟ್ಟಿಯ ಮುಂದೆ ಬೆವರಿ, ಹಾಗೇ ಹೊರಗೆ ಬಂದು ಥಂಡಿ ಗಾಳಿಗೆ ನಿಲ್ಲುವ ಚಟ ಬಿಟ್ಟೆಯೋ ಇಲ್ಲವೋ? ರಾಜಕೋಟದಲ್ಲಿ ನಿನ್ನನ್ನು ಬೈಯುವವರು ಯಾರೂ ಇಲ್ಲವೆಂದು ಮೈಮೇಲೆ ಎಚ್ಚರ ತಪ್ಪಬೇಡ. ಇಲ್ಲಿ ನನ್ನ ಮೊಣಕಾಲೊಂದನ್ನು ಬಿಟ್ಟರೆ ಎಲ್ಲ ಸುರಳೀತ. ನಿನ್ನ ಹೆಂಡತಿ ಪ್ರಮಿಳಾ ಆರಾಮ ಇದ್ದಾಳೆ. ಇವತ್ತು ಹುಣ್ಣಿಮೆ, ಬಸದಿಗೆ ಹೋಗಿ ಬಂದು ಬರೆಯಲು ಕೂತಿದ್ದೇನೆ. ಫೋನಿರುವಾಗ ಪತ್ರ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ನಾಲ್ಕು ಮಾತಾಡುವುದರೊಳಗೆ "ಹೂಂ ಅವ್ವಾ, ಆತು ಅವ್ವಾ, ಇಡ್ಲೇನ?" ಅನ್ನುತ್ತೀ. ಇದನ್ನಾದರೂ ಪೂರ್ತಿ ಓದು.

ವಿಷಯ ನಿನ್ನ ಮಗಳು ಅನುಜಾಳದ್ದು. ಇದೇ ಹದಿನಾರು, ರವಿವಾರ, ಖಾನಾಪುರದಲ್ಲಿ ಬಾಕ್ಸಿಂಗ್ ಜಿಲ್ಲಾ ತಂಡದ ಆಯ್ಕೆ. ಅವಳ ತೂಕದಲ್ಲಿ ಇರುವವರು ಇಬ್ಬರೇ: ಇವಳು, ಮತ್ತೆ ಖಾನಾಪುರದ ಸಾಕ್ಷಿ. ಸೆಪ್ಟೆಂಬರಿನಲ್ಲಿ ಬೆಳಗಾವಿಯಲ್ಲಿ ಇವಳನ್ನು ಸೋಲಿಸಿದ ಹುಡುಗಿ ಅದೇ ಸಾಕ್ಷಿ. ಆಗ ನೀನು ಅಂದ ಮಾತು ನನಗೆ ಇದ್ದ ಹಾಗೇ ನೆನಪಿದೆ: "ಅದೇ ಹುಡುಗಿ ಕಡೆ ಇನ್ನೊಮ್ಮಿ ಸೋತ್ರ ಗ್ಲೌಸ್ ಅಟ್ಟಕ್ಕ. ಎರಡ ಸಲ ಸಾಕು." ಅನುಜಾ ಅಳಲಿಲ್ಲ, ವಾದಿಸಲಿಲ್ಲ, "ಹೂಂ ಅಪ್ಪಾ" ಅಂದಳು. ಅಂದಿನಿಂದ ಬೆಳಿಗ್ಗೆ ಐದಕ್ಕೆದ್ದು ಆಟೋ ನಗರದ ಗ್ಯಾರೇಜುಗಳ ಹಿಂದಿನ ಶೆಡ್ಡಿಗೆ, ಸಿದರಾಯ ಸರ್ ಹತ್ತಿರ ಕಲಿಯಲು, ಒಂದು ದಿನವೂ ತಪ್ಪದೆ ಹೋಗುತ್ತಿದ್ದಾಳೆ. ಇರುವೆ ಕಾಲಿಗೆ ಸಿಗದ ಹಾಗೆ ನಡೆಯುವ ಮನೆಯಲ್ಲಿ ಮೂಗಿಗೆ ಗುದ್ದುವ ಹುಡುಗಿ ಎಲ್ಲಿ ಹುಟ್ಟಿದಳು ಎಂದು ನೀನು ತಲೆ ಚಚ್ಚಿಕೊಳ್ಳುವುದು ನನಗೆ ಗೊತ್ತು. ಮೊದಲು ನಾನೂ ಚಚ್ಚಿಕೊಂಡವಳೇ. ಈಗ ಶೆಡ್ಡಿನ ಮೂಲೆಯಲ್ಲಿ ನನಗೊಂದು ಕುರ್ಚಿ ಇದೆ.

ಆ ಕುರ್ಚಿಯಲ್ಲಿ ಕೂತು ನಾನು ಕಂಡದ್ದನ್ನು ಹೇಳುತ್ತೇನೆ, ಕೇಳು. ಪಂದ್ಯ ಮೂರು ಸುತ್ತು. ಮೊದಲನೆಯದು ಅನುಜಾಳದು, ಅದರಲ್ಲಿ ಸಂಶಯವಿಲ್ಲ. ಹೋದ ಸಲವೂ ಅದು ಇವಳದೇ ಆಗಿತ್ತು, ಕೈ ಅಷ್ಟು ಚುರುಕು. ಎರಡನೆಯದು ಸಾಕ್ಷಿಯದು. ಆ ಹುಡುಗಿ ಎಡಗೈಯವಳು, ಬಲಗಾಲು ಮುಂದಿಟ್ಟು ನಿಲ್ಲುತ್ತಾಳೆ, ಎಡಗೈ ಎಲ್ಲಿಂದ ಬರುತ್ತದೆಂದು ತಿಳಿಯುವುದರೊಳಗೆ ಮಾರಿಗೆ ಬಿದ್ದಿರುತ್ತದೆ. ಒಳ್ಳೆಯ ಹುಡುಗಿ ಮತ್ತೆ. ಹೋದ ಸಲ ಗೆದ್ದ ಮೇಲೆ ಇವಳನ್ನು ಅಪ್ಪಿಕೊಂಡು ಮರಾಠಿಯಲ್ಲಿ ಏನೋ ಸಮಾಧಾನ ಹೇಳಿದಳು. ಅವಳನ್ನು ದ್ವೇಷಿಸಲು ನೋಡಿದೆ, ಆಗಲಿಲ್ಲ. "ಆಕಿ ಬಲಗಾಲಿನ ಹೊರಗ ನಿನ್ನ ಎಡಗಾಲ ಇಡಬೇಕು, ಒಳಗ ಇಟ್ಟಿ ಅಂದ್ರ ಮುಗೀತು" ಎಂದು ಸಿದರಾಯ ಸರ್ ದಿನಕ್ಕೆ ನೂರು ಸಲ ಹೇಳುತ್ತಾರೆ. ಮನೆಯಲ್ಲಿ ಅಭ್ಯಾಸಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಅಂಗಳದಲ್ಲಿ ಸುಣ್ಣದಿಂದ ಎರಡು ಪಾದ ಬರೆದು, ಎದೆಗೆ ತಲೆದಿಂಬು ಹಿಡಿದು ನಾನೇ ನಿಲ್ಲುತ್ತೇನೆ. ಪಕ್ಕದ ಮನೆಯ ರೇಣವ್ವ ಗೋಡೆಯ ಮೇಲಿಂದ ಇಣುಕಿ, "ಅಯ್ಯ ನಮ್ಮವ್ವಾ, ಈ ವಯಸ್ಸಿನ್ಯಾಗ ಮೊಮ್ಮಗಳ ಕಡೆ ಹೊಡಸ್ಕೊಳ್ಳಾಕ ಹತ್ತೀರಲ್ರೀ!" ಎಂದು ನಕ್ಕಳು. ನಗಲಿ ಬಿಡು.

ಉಳಿದದ್ದು ಮೂರನೆಯ ಸುತ್ತು. ಹೋದ ಸಲ ಸೋತದ್ದು ಅಲ್ಲಿಯೇ. ಅನುಜಾಳ ಕಾಲು ನೆಲ ಬಿಟ್ಟು ಏಳಲೇ ಇಲ್ಲ, ಕೈ ತಾನಾಗಿ ಕೆಳಗೆ ಬಂತು. "ಪೋರಿಗೆ ದಮ್ಮಿಲ್ಲ" ಎಂದು ಜನ ಅಂದರು, ನೀನೂ ಅಂದೆ. ಈ ಸಲ ಮೂರನೆಯ ಸುತ್ತಿನಲ್ಲಿ ಅವಳು ಗಟ್ಟಿಯಾಗಿ ನಿಲ್ಲುತ್ತಾಳೆ. ಬೆಳಗಿನ ಗಾಡಿಗೆ ನಾವಿಬ್ಬರೂ ಹೋಗುತ್ತೇವೆ. ಎಂಟಕ್ಕೆ ತೂಕ ನೋಡುತ್ತಾರೆ, ಹನ್ನೊಂದಕ್ಕೆ ಪಂದ್ಯ. ತೂಕ ಮುಗಿದ ಕೂಡಲೇ ತಿನ್ನಲು ಮೆತ್ತನೆಯ ಚಪಾತಿ, ಹೆಸರುಬೇಳೆ, ಎರಡು ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗುತ್ತೇನೆ. ಪಂಚಾಂಗವನ್ನೂ ನೋಡಿಟ್ಟಿದ್ದೇನೆ, ಅವತ್ತು ದ್ವಾದಶಿ, ಉಪವಾಸದ ದಿನವಲ್ಲ. ಐದು ಜನ ಜಡ್ಜ್‌ಗಳಲ್ಲಿ ಮೂವರು ನಮ್ಮ ಕಡೆ, ಇಬ್ಬರು ಅವಳ ಕಡೆ. ಇದು ನನ್ನ ಅಂದಾಜು. ತಪ್ಪಿದರೂ ತಪ್ಪಬಹುದು, ಆ ಎಡಗೈ ಸಾಮಾನ್ಯದ್ದಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಶಾಲು ಹೊದ್ದುಕೊಳ್ಳಲಿಕ್ಕೆ ಕೊಟ್ಟದ್ದು, ಪೆಟ್ಟಿಗೆಯಲ್ಲಿಡಲಿಕ್ಕಲ್ಲ. ಜಿನೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ರತ್ನಮಾಲಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಒಂದು ಮಾತು ಬೇಕೆಂದೇ ಬಿಟ್ಟಿದ್ದೆ. ಸೆಪ್ಟೆಂಬರಿನ ಆ ಪಂದ್ಯ ಅನಂತ ಚತುರ್ದಶಿಯ ದಿನ ಇತ್ತು. ಬೆಳಿಗ್ಗೆ ಅನುಜಾ ಅಡುಗೆಮನೆಗೆ ಬಂದು, "ಆಯಿ, ಸಂಜಿಕ ಪಂದ್ಯ ಐತಿ, ಒಂಚೂರು ತಿನ್ಲೇನ?" ಎಂದು ಕೇಳಿದಳು. "ಈ ಮನ್ಯಾಗ ಚತುರ್ದಶಿ ದಿನ ಯಾರೂ ಉಂಡಿಲ್ಲ. ತಿನ್ನೂದಿದ್ರ ತಿನ್ನು, ನನ್ನ ಕಣ್ಣ ಮುಂದ ತಿನ್ನಬ್ಯಾಡ" ಅಂದೆ. ಅವಳು ತಿನ್ನಲಿಲ್ಲ, ನೀರೂ ಮುಟ್ಟಲಿಲ್ಲ. ಸಿದರಾಯ ಸರ್ ಕೇಳಿದಾಗ "ಉಂಡೇನ್ರೀ ಸರ್" ಅಂದಳು. ನಾನು ಬಾಜುವಿನಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ಎರಡು ದಿನ ಬಿಟ್ಟು ಕ್ಷಮಾವಣಿ. ಓಣಿಯವರಿಗೆಲ್ಲ ಕೈಮುಗಿದು ಕ್ಷಮೆ ಕೇಳಿ ಬಂದೆ, ರೇಣವ್ವನನ್ನೂ ಬಿಡಲಿಲ್ಲ. ಮನೆಯಲ್ಲಿ ಅನುಜಾ ಬಾತ ಮೂಗು ಹೊತ್ತು ಬಂದು ನನ್ನ ಕಾಲು ಮುಟ್ಟಿ, "ಆಯಿ, ಏನರ ತಪ್ಪಾಗಿದ್ರ ಕ್ಷಮಾ ಮಾಡ" ಅಂದಳು. ನಾನು "ಮಾಡೇನಿ" ಅಂದೆ. ಅಷ್ಟೇ ಅಂದೆ, ಅರಿಹಂತಾ. ಎರಡು ತಿಂಗಳಿಂದ ನನಗೆ ನಾಚಿಕೆಯಾಗುತ್ತಿದೆ. ಆ ಸೋಲು ಅವಳದಲ್ಲ, ನನ್ನದು. ಅದನ್ನು ಅವಳ ತಲೆಗೆ ಕಟ್ಟಬೇಡ. ರವಿವಾರ ಸೋತರೂ ಗ್ಲೌಸ್ ಅಟ್ಟಕ್ಕೆ ಹೋಗಕೂಡದು. ಪತ್ರ ಸಿಕ್ಕ ಕೂಡಲೇ ಅವಳಿಗೆ ಫೋನ್ ಮಾಡಿ ನೀನೇ ಹೇಳು. ನಾನು ರೈಲಿನಲ್ಲಿ, ದೇಸೂರ ಸ್ಟೇಷನ್ ಬರುವುದರೊಳಗೆ, ಅವಳ ಕೈ ಹಿಡಿದು ಕ್ಷಮೆ ಕೇಳುತ್ತೇನೆ. ಮೂರು ಸುತ್ತಿನದೂ ಅಂದಾಜು ಹೇಳಿದೆ. ಅವಳು ಆಗ ಏನನ್ನುತ್ತಾಳೋ, ಅದೊಂದು ನನಗೆ ಹೇಳಲು ಬರುತ್ತಿಲ್ಲ.