ಕ್ಲೆಮ್ ಬರೆಯದೆ ಬಿಟ್ಟ ದೂರು

ಕಲ್ಬಿನ್, ವಿಕ್ಟೋರಿಯಾ
ಗುರುವಾರ, 11 ಸೆಪ್ಟೆಂಬರ್ 1997

ಪ್ರೀತಿಯ ಎಡ್ನಾ,

ಚೆನ್ನಾಗಿದ್ದೀಯಾ? ನಿನ್ನ ಮೊಣಕಾಲು ನೋವು ಕಡಿಮೆಯಾಯಿತೆ? ನೀನು ಫೋನ್ ಮಾಡಿದಾಗ ಎರಡು ಸಲ ಕ್ಲೆಮ್ ಎತ್ತಿಕೊಂಡು "ವಿನ್ನಿ, ಎಡ್ನಾ ಫೋನು" ಎಂದು ಕೂಗಿದ. ಕೈಯೆಲ್ಲ ಹಿಟ್ಟಾಗಿದೆ, ಆಮೇಲೆ ಮಾಡುತ್ತೇನೆ ಅನ್ನು ಎಂದೆ. ಕೈಯಲ್ಲಿ ಹಿಟ್ಟೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಆಮೇಲೆ ನಾನು ಮಾಡಲೂ ಇಲ್ಲ. ತಪ್ಪಾಯಿತು. ನೀನು ಕಳಿಸಿದ ನಿಂಬೆ ಬಿಸ್ಕತ್ತಿನ ಡಬ್ಬಿಯನ್ನು ತೊಳೆದು ಒರೆಸಿ ಮೇಜಿನ ಮೇಲೆ ಇಟ್ಟು ಮೂರು ವಾರವಾಯಿತು. ಫೋನಿನಲ್ಲಾದರೆ ನಾನು ಕಿರುಚಿಬಿಡುತ್ತೇನೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಇಲ್ಲಿ ಪಕ್ಕದ ಹೊಲದ ಕ್ಯಾನೋಲ ಹಳದಿಯಾಗಿ ಹೂಬಿಟ್ಟಿದೆ, ಕ್ಲೆಮ್‌ಗೆ ದಿನವಿಡೀ ಸೀನು. ನರಿ ಎರಡು ಕೋಳಿ ಹೊತ್ತುಕೊಂಡು ಹೋಯಿತು. ಊರಿನ ಸುದ್ದಿ ಇಷ್ಟೇ. ಮಿಕ್ಕಿದ್ದೆಲ್ಲ ಕೈಯಲ್ಲಿ ಹಿಡಿದು ಓಡುವ, ಕಾಲಲ್ಲಿ ಒದೆಯುವ ನಮ್ಮ ಆ ದರಿದ್ರ ಫುಟ್ಬಾಲಿನ ಸುದ್ದಿ.

ಇಪ್ಪತ್ತೇಳು ವರ್ಷ ಅಂಪೈರನ ಹೆಂಡತಿಯಾಗಿ ಮೈದಾನದ ಬೇಲಿಗೆ ಮೂತಿ ಹಚ್ಚಿ ಕಾರು ನಿಲ್ಲಿಸಿಕೊಂಡು ಕೂತವಳು ನಾನು. ಬೈಗುಳ ನನಗೆ ಹೊಸದಲ್ಲ. ಮದುವೆಗೆ ಮುಂಚೆ ನಾನೂ ನೀನೂ ಅದೇ ಬೇಲಿಗೆ ಜೋತುಬಿದ್ದು ಗಂಟಲು ಹರಿಯುವಂತೆ "ಬಿಳಿ ಹುಳ!" ಎಂದು ಕೂಗಿದವರಲ್ಲವೇ? ಬಿಳಿ ಬಟ್ಟೆ ಹಾಕಿಕೊಂಡು ಮೈದಾನದಲ್ಲಿ ಓಡುವವನು ಮನುಷ್ಯನೇ ಅಲ್ಲ ಎಂದುಕೊಂಡಿದ್ದೆವು. ಆಮೇಲೆ ಒಂದು ಹುಳವನ್ನೇ ಕಟ್ಟಿಕೊಂಡೆ. ನೀನು ನನ್ನ ಮದುವೆಯಲ್ಲಿ ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದೆ.

ಆದರೆ ಆಗಸ್ಟ್ ಹದಿನಾರರ ಶನಿವಾರ ನೋಡಿದ್ದೇ ಬೇರೆ ಕಣೇ. ಲೀಗಿನ ಕೊನೆಯ ಸುತ್ತು. ನಿಮ್ಮ ಲೇಕ್ ಹ್ಯಾರೊ ಗೆದ್ದರೆ ಫೈನಲ್ಸ್, ಮಿರ್ರಾಬೂಲ್ ಗೆದ್ದರೆ ಅವರಿಗೆ ಫೈನಲ್ಸ್. ಇಬ್ಬರು ಅಂಪೈರ್ ಇರಬೇಕಾದ ಕಡೆ ಕ್ಲೆಮ್ ಒಬ್ಬನೇ. ಇನ್ನೊಬ್ಬ ಜುಲೈಯಲ್ಲೇ "ನನ್ನ ಮಕ್ಕಳ ಮುಂದೆ ಉಗಿಸಿಕೊಳ್ಳೋಕೆ ನಾನು ಬರಲ್ಲ" ಎಂದು ಬಿಟ್ಟುಹೋಗಿದ್ದ. ನಮ್ಮ ಕಲ್ಬಿನ್ ತಂಡ ಮುಚ್ಚಿಹೋಗಿ ಹನ್ನೊಂದು ವರ್ಷವಾಗಿದ್ದರಿಂದ ಕ್ಲೆಮ್ ಯಾರ ಕಡೆಯವನೂ ಅಲ್ಲ. ಹಾಗಾಗಿ ಎರಡೂ ಕಡೆಯವರಿಂದ ಉಗಿಸಿಕೊಳ್ಳುವ ಭಾಗ್ಯ ಅವನದು.

"ಲೋ ಬಿಳಿ ಹುಳ, ಕನ್ನಡಕ ಮನೇಲಿ ಬಿಟ್ಟು ಬಂದ್ಯೇನೋ?"

"ತಾತ, ಓಡೋಕಾಗಲ್ಲ ಅಂದ್ರೆ ಕುರ್ಚಿ ತರಿಸ್ಕೊ!"

"ನಾಯಿಗೆ ಸೀಟಿ ಕೊಟ್ಟಿದ್ರೂ ಇದಕ್ಕಿಂತ ಚೆನ್ನಾಗಿ ಊದ್ತಿತ್ತು!"

ಕೊನೆಯದನ್ನು ಅಂದವಳು ಯಾರು ಗೊತ್ತೆ? ನಿಮ್ಮ ಚರ್ಚಿನಲ್ಲಿ ಶನಿವಾರ ಬೆಳಿಗ್ಗೆ ಹೂ ಜೋಡಿಸುವ ಆ ಬಿಳಿ ಟೋಪಿಯ ಹೆಂಗಸು. ಬೆಳಿಗ್ಗೆ ಹೂ, ಮಧ್ಯಾಹ್ನ ಉಗುಳು. ಸೋಮವಾರ ಅಂಗಡಿಯಲ್ಲಿ ಸಿಕ್ಕಿ "ಕ್ಲೆಮ್ ಹೇಗಿದಾರೆ? ಪಾಪ, ತುಂಬಾ ಕಷ್ಟದ ಕೆಲಸ" ಎಂದಳು. ಥೂ! ನನ್ನ ಕೈಯಲ್ಲಿ ಎಲೆಕೋಸಿತ್ತು. ಅವಳ ತಲೆಯ ಮೇಲೆ ಹಾಕದೆ ಬಂದದ್ದೇ ದೊಡ್ಡದು.

ಕೊನೆಯ ಎರಡು ನಿಮಿಷ ನಿನಗೂ ನೆನಪಿರಬೇಕು. ನಿನ್ನ ಮಗ ರಸೆಲ್ ಚೆಂಡು ಎತ್ತಿಕೊಂಡು ತನ್ನ ಗೋಲಿನ ಮುಂದೆಯೇ ಓಡಿದ. ಮಿರ್ರಾಬೂಲ್‌ನ ಹುಡುಗ ಹಿಂದಿನಿಂದ ಸೊಂಟ ಹಿಡಿದ. ಹಿಡಿದಾಗ ಚೆಂಡನ್ನು ಒದೆಯಬೇಕು, ಇಲ್ಲ ಮುಷ್ಟಿಯಿಂದ ಗುದ್ದಿ ಜೊತೆಯವನಿಗೆ ಕೊಡಬೇಕು. ರಸೆಲ್ ಎರಡನ್ನೂ ಮಾಡದೆ ಚೆಂಡು ಅಪ್ಪಿಕೊಂಡೇ ಬಿದ್ದ. ಅದು ಬೇರೆ ತಂಡದವನಾಗಿದ್ದರೆ ಲೇಕ್ ಹ್ಯಾರೊ ಪೂರ್ತಿ "ಬಾ...ಲ್!" ಎಂದು ಸೀಟಿಗಾಗಿ ಕೂಗುತ್ತಿತ್ತು. ಅವತ್ತು ಎಲ್ಲರ ಬಾಯೂ ಮುಚ್ಚಿತ್ತು. ಕ್ಲೆಮ್ ಸೀಟಿ ಊದಿದ. ಮಿರ್ರಾಬೂಲ್‌ಗೆ ಫ್ರೀ ಕಿಕ್, ಗೋಲು. ಗೋಲಿಗೆ ಆರು ಪಾಯಿಂಟು; ಎರಡರಲ್ಲಿ ಮುಂದಿದ್ದ ನಿಮ್ಮವರು ನಾಲ್ಕರಲ್ಲಿ ಸೋತರು.

ಆಟ ಮುಗಿದ ಸೈರನ್ ಆದ ಮೇಲೆ ರಸೆಲ್ ನೇರ ಕ್ಲೆಮ್ ಹತ್ತಿರ ನಡೆದು ಬಂದು, ಮುಖಕ್ಕೆ ಮುಖ ಕೊಟ್ಟು ಏನೋ ಅಂದ. ಕಾರಿನಲ್ಲಿದ್ದ ನನಗೆ ಕಂಡದ್ದು ಅವನ ಬೆನ್ನು ಮಾತ್ರ. ಆದರೆ ಕ್ಲೆಮ್ ಎರಡು ಹೆಜ್ಜೆ ಹಿಂದಕ್ಕೆ ಸರಿದದ್ದು ಕಂಡಿತು. ಇಪ್ಪತ್ತೇಳು ವರ್ಷದಲ್ಲಿ ನನ್ನ ಗಂಡ ಮೈದಾನದಲ್ಲಿ ಯಾರೆದುರಿಗೂ ಹಿಂದೆ ಸರಿದದ್ದನ್ನು ನಾನು ನೋಡಿರಲಿಲ್ಲ.

ನೆಟ್‌ಬಾಲ್ ಅಂಗಳದ ಹಿಂದಿನ ತಗಡಿನ ಕೋಣೆಯಲ್ಲಿ ಅವನು ಬಟ್ಟೆ ಬದಲಿಸಿ ಬರುವವರೆಗೆ ನಾನು ಬಾಗಿಲಲ್ಲಿ ನಿಂತಿದ್ದೆ. ತಗಡಿಗೆ ಯಾರೋ ಒದೆಯುತ್ತಲೇ ಇದ್ದರು. ನಿಮ್ಮ ಕ್ಲಬ್ಬಿನ ಅಧ್ಯಕ್ಷ ಹತ್ತು ಹೆಜ್ಜೆ ದೂರದಲ್ಲಿ ಬಿಯರ್ ಹಿಡಿದು ನಗುತ್ತಿದ್ದ. ಕಾರಿನ ಹತ್ತಿರ ಬಂದರೆ ಮುಂದಿನ ಗಾಜಿಗೆ ಬಿಸಿ ಪೈ ಒತ್ತಿ ಹಿಸುಕಿ ಹೋಗಿದ್ದಾರೆ, ಮಾಂಸ, ಟೊಮೆಟೊ ಸಾಸು ಎಲ್ಲ ಇಳಿಯುತ್ತಿದೆ. ಕ್ಲೆಮ್ ಕರವಸ್ತ್ರದಲ್ಲಿ ಒರೆಸುತ್ತ "ಒಳ್ಳೇ ಪೈ, ದಂಡ ಮಾಡಿದ್ರು" ಎಂದ. ನಾನು ನಗಲಿಲ್ಲ.

ಈಗ ಕೇಳು. ಅಂಪೈರ್ ಆಟ ಮುಗಿದ ಮೇಲೆ ಎರಡು ಕೆಲಸ ಮಾಡಬಹುದು. ಬೈದ ಆಟಗಾರನ ಮೇಲೆ ದೂರು ಬರೆದು ಕೊಡಬಹುದು. ಹಾಗೆ ಅಮಾನತಾದವನಿಗೆ ಆ ವರ್ಷ ಲೀಗಿನ ಪದಕ ಸಿಗುವುದಿಲ್ಲ. ಇನ್ನೊಂದು, ಅಂದು ಚೆನ್ನಾಗಿ ಆಡಿದ ಮೂವರಿಗೆ ಮೂರು, ಎರಡು, ಒಂದು ಎಂದು ಮತ ಬರೆದು ಲಕೋಟೆ ಅಂಟಿಸಬೇಕು; ವರ್ಷದ ಕೊನೆಗೆ ಹೆಚ್ಚು ಮತ ಬಂದವನಿಗೆ ಆ ಪದಕ. ಕ್ಲೆಮ್ ದೂರಿನ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಲಕೋಟೆ ಮಾತ್ರ ಅಂಟಿಸಿದ.

ದಾರಿಯಲ್ಲಿ ಕೇಳಿದೆ, "ಯಾಕೆ ದೂರು ಬರೀಲಿಲ್ಲ?"

"ಅವ್ನು ಅಂದಿದ್ದನ್ನ ಅಂದ ಹಾಗೇ ಬರೀಬೇಕು ವಿನ್ನಿ. ವಿಚಾರಣೇಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದ್ತಾರೆ."

"ಓದ್ಲಿ! ಅವನ ಅಮ್ಮನಿಗೂ ಕೇಳ್ಲಿ!"

"ಬೇಡ," ಎಂದ.

ಮೊನ್ನೆ ಸೋಮವಾರ ಮತ ಎಣಿಸಿದರಂತೆ, ಪದಕ ರಸೆಲ್‌ಗೆ ಬಂತಂತೆ, ಎರಡೇ ಮತದ ಅಂತರದಲ್ಲಿ. ಲೀಗಿನ ಕಾರ್ಯದರ್ಶಿ ಡಗ್ ಪ್ರಿಚರ್ಡ್ ಹೇಳಿದ. ನೀನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆಯಂತೆ. ತಟ್ಟಬೇಕಾದ್ದೇ, ಹೆತ್ತವಳು. ಆದರೆ ಹದಿನಾರನೇ ತಾರೀಖಿನ ಆಟಕ್ಕೆ ಅವನಿಗೆ ಎಷ್ಟು ಓದಿದರು ನೆನಪಿದೆಯೆ? ಮೂರು. ಆ ಮೂರೂ ಕ್ಲೆಮ್ ಕೊಟ್ಟದ್ದು. ಕೇಳಿದ್ದಕ್ಕೆ "ಅವತ್ತು ಮೈದಾನದಲ್ಲಿ ಅವನೇ ಚೆನ್ನಾಗಿ ಆಡಿದ್ದು, ಇನ್ಯಾರಿಗೆ ಕೊಡ್ಲಿ?" ಎಂದ. ಮಾತು ಕಲಿಯುವ ಮುಂಚೆಯೇ ರಸೆಲ್‌ಗೆ ನಮ್ಮ ಹಿತ್ತಿಲಲ್ಲಿ ಚೆಂಡು ಒದೆಯುವುದನ್ನು ಕಲಿಸಿದವನು ಅವನೇ ಅಲ್ಲವೇ. ಒಂದು ಹಾಳೆ ತುಂಬಿಸಿ ಕೊಟ್ಟಿದ್ದರೆ ಆ ಪದಕ ಇವತ್ತು ಬೇರೆಯವರ ಕೊರಳಲ್ಲಿ ಇರುತ್ತಿತ್ತು. ಇಂಥವನಿಗೆ ಪೈ ಒತ್ತಿದ ಜನ! ನನಗೆ ಈ ಆಟದ ಮೇಲೆ, ಈ ಜನದ ಮೇಲೆ ಹೇಸಿಗೆ ಹುಟ್ಟಿಬಿಟ್ಟಿದೆ.

ಇನ್ನೊಂದು ಸುದ್ದಿ ನಿನಗೆ ಮುಟ್ಟಿರಬೇಕು. ಕ್ಲೆಮ್ ಅಂಪೈರಿಂಗ್ ಬಿಟ್ಟುಬಿಟ್ಟ. ಇಪ್ಪತ್ತನೇ ತಾರೀಖು ಗ್ರ್ಯಾಂಡ್ ಫೈನಲ್. ಡಗ್ ಎರಡು ಸಲ ಬಂದು ನಮ್ಮ ಮೇಜಿಗೆ ಮೊಣಕೈ ಊರಿ ಕೂತ.

"ನನ್ನ ಹತ್ರ ಒಬ್ಬನೇ ಅಂಪೈರ್ ಇರೋದು ಕಣಯ್ಯ. ನೀನೂ ಬರಲ್ಲ ಅಂದ್ರೆ ನಾನೇ ಸೀಟಿ ಊದ್ಬೇಕಾಗುತ್ತೆ."

"ಊದು, ಕಲಿತ್ಕೊ."

"ನನ್ನ ಹೊಟ್ಟೆ ನೋಡಿ ಮಾತಾಡು!"

ಕ್ಲೆಮ್ ನಕ್ಕ. ನಕ್ಕು ಒಳಗೆ ಹೋಗಿ ಸೀಟಿ ತಂದು ಡಗ್‌ನ ಅಂಗಿಯ ಜೇಬಿಗೆ ಹಾಕಿದ. ಎಡ್ನಾ, ಆ ಸೀಟಿ ತೆಗೆದುಕೊಂಡು ಹೋಗುವಾಗ ಡಗ್‌ನಂಥ ಡಗ್ ಕಣ್ಣು ಒರೆಸಿಕೊಂಡ.

ಶನಿವಾರ ಈಗ ಕ್ಲೆಮ್‌ನನ್ನು ನೋಡಲಾಗುವುದಿಲ್ಲ. ಬೆಳಿಗ್ಗೆ ಶೆಡ್ಡಿನಲ್ಲಿ ಮೊಳೆಗಳನ್ನು ಅಳತೆ ನೋಡಿ ಡಬ್ಬಿಗಳಿಗೆ ಹಾಕುತ್ತಾನೆ. ಮಧ್ಯಾಹ್ನ ಎರಡು ಗಂಟೆಗೆ ಆಟ ಶುರುವಾಗುವ ಹೊತ್ತಿಗೆ ಕುರ್ಚಿಯಲ್ಲಿ ಕೂತವನ ಕಾಲು ತಾನಾಗಿ ಅಲ್ಲಾಡತೊಡಗುತ್ತದೆ. ಐವತ್ತೆಂಟು ವಯಸ್ಸು, ಉಸಿರು ಗಟ್ಟಿಯಾಗಿದೆ, ಇನ್ನೂ ಐದು ವರ್ಷ ಓಡುತ್ತಿದ್ದ. ಅವನು ಆ ಮೈದಾನಕ್ಕೆ ಮತ್ತೆ ಇಳಿಯಬೇಕು. ನನಗೆ ಬೇಕಾದದ್ದು ಅದೊಂದೇ.

ಬರೆದು ಕೈ ನೋಯುತ್ತಿದೆ. ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೋ. ಮೊಮ್ಮಕ್ಕಳಿಗೆ ಮುತ್ತು. ದೇವರು ನಿನ್ನನ್ನೂ ಮನೆಯವರನ್ನೂ ಚೆನ್ನಾಗಿ ಇಟ್ಟಿರಲಿ. ರಸೆಲ್‌ಗೂ ಒಳ್ಳೆಯದಾಗಲಿ ಎಂದು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ.

ನಿನ್ನ
ವಿನ್ನಿ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟಿದ್ದೆ. ರಸೆಲ್ ಅಂದದ್ದು ಏನು ಎಂದು ಕ್ಲೆಮ್ ಮಾರನೆಯ ದಿನ ಚಹಾ ಕುಡಿಯುತ್ತ ಹೇಳಿದ. "ಯಾವ ಕಣ್ಣಲ್ಲಿ ನೋಡ್ದೆ ಮುದುಕಪ್ಪ? ಆ ಸತ್ತಿರೋ ಎಡಗಣ್ಣಲ್ಲಾ?" ಕುರುಡ ಎಂದು ಅವನನ್ನು ಊರೆಲ್ಲ ಅಂದಿದೆ, ಅದು ಅವನಿಗೆ ತಟ್ಟುವುದಿಲ್ಲ. ಎಡಗಣ್ಣು ಎಂದು ಯಾರೂ ಅಂದಿರಲಿಲ್ಲ. ಮಾರ್ಚ್‌ನಲ್ಲಿ ಡಾಕ್ಟರು ಎಡಗಣ್ಣಿನ ನಡುಭಾಗದ ದೃಷ್ಟಿ ಹೋಗಿದೆ, ಬಲಗಣ್ಣು ಚೆನ್ನಾಗಿದೆ, ಕಾರು ಓಡಿಸಬಹುದು, ಸೀಟಿ ಊದಬಹುದು ಎಂದರು. ಅಂದಿನಿಂದ ಅವನು ಆಟವನ್ನು ಬಲಕ್ಕೆ ಇಟ್ಟುಕೊಂಡೇ ಓಡಲು ಅಭ್ಯಾಸ ಮಾಡಿಕೊಂಡ. ಆ ವಿಷಯ ಗೊತ್ತಿದ್ದದ್ದು ಅವನಿಗೆ, ನನಗೆ, ಡಾಕ್ಟರಿಗೆ. ಮತ್ತೆ ನಿನ್ನ ಅಡಿಗೆಮನೆಯಲ್ಲಿ ಕೂತು ಅತ್ತುಕೊಂಡು ನಾನು ಹೇಳಿದ್ದರಿಂದ, ನಿನಗೆ. ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ನಿನ್ನ ಕೈ ಹಿಡಿದುಕೊಂಡಿದ್ದೆ.

ಕ್ಲೆಮ್ ನನ್ನನ್ನು ಒಂದೇ ಸಲ ಕೇಳಿದ, "ಯಾರಿಗಾದ್ರೂ ಹೇಳಿದ್ಯಾ?" ನಿನ್ನ ಮುಖ ನೆನಪಾಗಿ "ಇಲ್ಲ, ಯಾರಿಗೂ ಇಲ್ಲ" ಎಂದುಬಿಟ್ಟೆ. ಅವನು ನಂಬಿದ. ನಂಬಿ ಏನಂದ ಗೊತ್ತೆ? "ಯಾರೂ ಹೇಳಿಲ್ಲ ಅಂದ್ರೆ ನಾನು ಓಡೋದ್ರಲ್ಲೇ ಕಾಣಿಸ್ತಿದೆ ವಿನ್ನಿ. ಆಟಗಾರರಿಗೇ ಕಾಣಿಸ್ತಿದೆ ಅಂದ್ಮೇಲೆ ನಾನು ಇಳೀಬಾರ್ದು." ಡಗ್‌ಗೆ ಸೀಟಿ ಕೊಟ್ಟದ್ದು ಅದಕ್ಕೆ. ಪೈಗೂ ಅಲ್ಲ, ಬೈಗುಳಕ್ಕೂ ಅಲ್ಲ, ನನ್ನ ಒಂದು ಸುಳ್ಳಿಗೆ.

ನಿನ್ನ ಡಬ್ಬಿಯನ್ನು ನಾನು ಅಂಚೆಯಲ್ಲಿ ಕಳಿಸುವುದಿಲ್ಲ. ಭಾನುವಾರ ನೀನೇ ಬಂದು ತೆಗೆದುಕೊಂಡು ಹೋಗು, ಅವನು ಮನೆಯಲ್ಲಿರುತ್ತಾನೆ. ರಸೆಲ್‌ಗೆ ನೀನು ಹೇಳಿದ್ದನ್ನು ನೀನು ಹೇಳು, ನಿನಗೆ ನಾನು ಹೇಳಿದ್ದನ್ನು ನಾನು ಹೇಳುತ್ತೇನೆ. ನೀನು ಬರದಿದ್ದರೆ ಸೋಮವಾರ ನಾನೊಬ್ಬಳೇ ಹೇಳುತ್ತೇನೆ.