ನಿನ್ನ ಮುಖ ತೋರಿಸಿ ಗುಡ್ಡ ಒಡೆದರು

ಮಾವಾ,

ಹೋದ ಅಮಾವಾಸ್ಯೆಯ ಮರುದಿನ ನಮ್ಮೂರ ಶಾಲೆಯ ಬಯಲಿನಲ್ಲಿ ನಿನ್ನ ಮುಖವನ್ನು ಆಳೆತ್ತರದ ಫ್ಲೆಕ್ಸ್ ಮಾಡಿಸಿ ಕಟ್ಟಿದರು. ಹರಿದ ಕೆನ್ನೆ, ಮುಚ್ಚಿಹೋದ ಎಡಗಣ್ಣು, ಮೂಗಿನ ಕಡೆ ಎಳೆದುಕೊಂಡ ತುಟಿ, ಎಲ್ಲ ಇದ್ದ ಹಾಗೇ. ಕೆಳಗೆ ಕೆಂಪಕ್ಷರದಲ್ಲಿ, ‘ಕರಡಿಗೆ ಇನ್ನೆಷ್ಟು ಮುಖ ಬೇಕು?’ ನಮ್ಮ ಗುಡ್ಡದಲ್ಲಿ ನೂರಾರು ಮನೆ ಕಟ್ಟುತ್ತೇವೆ ಅಂತ ಬಂದಿರುವ ಲೇಔಟಿನವರು ಊರಿನ ಒಪ್ಪಿಗೆ ಕೇಳಲು ಕರೆದ ಸಭೆ ಅದು. ಒಪ್ಪಿಗೆ ಕೇಳುವ ಹೊತ್ತಿಗೆ ಗುಡ್ಡದ ಒಂದು ಮಗ್ಗುಲು ಆಗಲೇ ಪುಡಿಯಾಗಿತ್ತು. ನೀನು ಸತ್ತು ವರ್ಷ ತುಂಬಿಲ್ಲ. ಸತ್ತವನ ಬಾಯಿಗೆ ಮಾತು ತುರುಕಲು ಅಷ್ಟು ದಿನ ಕಾಯುವುದೂ ಇವರಿಂದ ಆಗಲಿಲ್ಲ.

ಬಲಗೈಗೆ ಸಿಮೆಂಟು ಪಟ್ಟಿ ಹಾಕಿದ್ದಾರೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿವೆ ಅಂತ ನಗಬೇಡ. ಕೈ ಹೇಗೆ ಮುರಿಯಿತು ಅಂದರೆ... ಇರು, ಮೊದಲಿಂದ ಹೇಳುತ್ತೇನೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಕಾನಹೊಸಹಳ್ಳಿಯ ನಿನ್ನ ದರ್ಜಿ ಅಂಗಡಿಗೆ ಬಂದು, ಗಿರಾಕಿಗಳೆಲ್ಲ ಕೂತಿರುವಾಗ, ‘ಮಾವ, ನಿನ್ನ ಮುಖ ಯಾಕ ಹಿಂಗೈತಿ?’ ಅಂತ ಕೇಳಿಬಿಟ್ಟೆ. ಅವ್ವ ನನ್ನ ಬಾಯಿ ಮುಚ್ಚಲು ಓಡಿ ಬಂದಳು. ನೀನು ಮಷೀನು ನಿಲ್ಲಿಸಿದೆ. ‘ಬಿಡವ್ವಾ, ಕೇಳ್ಲಿ. ನಾ ಕಳುವಿಗೆ ಹೋಗಿದ್ದೆ, ಸಿಕ್ಕಿಬಿದ್ದೆ’ ಅಂದೆ.

ಆವತ್ತು ನೀನು ಹೇಳಿದ್ದು ನನಗೆ ಈಗಲೂ ಬಾಯಿಪಾಠ. ಗುಡ್ಡದ ನಡುವಿನಲ್ಲಿ ಸುಣ್ಣ ಬಳಿದ ಒಂದು ಬಂಡೆ. ಅದರ ಕೆಳಗಿನ ಸೀತಾಫಲ, ಬಾರೆ, ಕವಳಿ ಹಣ್ಣು ನಮ್ಮವು. ಮೇಲಿನವು ಕರಡಿಯ ಪಾಲು. ಮುತ್ತಜ್ಜನ ಕಾಲದಿಂದ ಊರು ಹಾಗೆ ನಡೆದುಕೊಂಡು ಬಂದಿದೆ. ತಪ್ಪಿಸಿಕೊಂಡ ಕುರಿ ಹುಡುಕಲೋ ಮತ್ಯಾವುದಕ್ಕೋ ಬಂಡೆ ದಾಟಲೇಬೇಕಾದರೆ ‘ಬರ್ತೀವಿ ಯಜ್ಜಾ, ಹಾದಿ ಬಿಡು’ ಅಂತ ಕೂಗುತ್ತ ಹೋಗಬೇಕು. ಕರಡಿಗೆ ಯಜ್ಜ ಅನ್ನುವುದು ಬರೀ ಭಕ್ತಿಯಲ್ಲ, ಬುದ್ಧಿ. ದನಿ ಕೇಳಿದರೆ ಅದು ಪಕ್ಕಕ್ಕೆ ಸರಿಯುತ್ತದೆ. ಮೈಮೇಲೆ ಬರುವುದು ಬೆಚ್ಚಿಬಿದ್ದಾಗ ಮಾತ್ರ.

ನೀನು ಮೀಸೆ ಚಿಗುರುವ ವಯಸ್ಸಿನಲ್ಲಿ ಅದರ ಪಾಲಿನ ಹಣ್ಣು ಕದಿಯಲು ಹೋದೆ. ಕೂಗಿದರೆ ಊರಿಗೆ ಗೊತ್ತಾಗುತ್ತದೆ. ಅದಕ್ಕೆ ಬಾಯಿ ಮುಚ್ಚಿಕೊಂಡು ಹತ್ತಿದೆ. ಬಂಡೆ ಸಂದಿನಲ್ಲಿ ಅದು ಮರಿ ಜೊತೆ ಇತ್ತು.

‘ಅದರದೇನೂ ತಪ್ಪಿಲ್ಲಬೇ. ಅದು ಮನಿ ಯಜಮಾನಿ, ನಾ ಕಳ್ಳ. ಕಳುವಿಗೆ ಹೋಗಾವನ ನೋಡು ಬಾಯಿ ಮುಚ್ಚಿಗೆಂಡು ಹೋಗಾದು’ ಅಂದೆ. ಆಮೇಲೆ ನನ್ನ ಲಂಗದ ಅಳತೆ ತೆಗೆಯುತ್ತ, ‘ನನ್ನ ಮುಖಕ್ಕ ಆ ಡಾಕ್ಟರ ಹೊಲಿಗಿ ನೆಟ್ಟಗ ಹಾಕಲಿಲ್ಲ. ನಿನ್ನ ಲಂಗಕ್ಕ ನಾ ನೆಟ್ಟಗ ಹಾಕ್ತೀನಿ ತಗಾ’ ಅಂತ ನಕ್ಕೆ. ಆ ನಗು ಅರ್ಧ ಮುಖದಲ್ಲೇ ಮೂಡುತ್ತಿತ್ತು. ಆ ಅರ್ಧ ನಮಗೆ ಸಾಕಾಗಿತ್ತು.

ಶ್ರಾವಣ ಮುಗಿಯುತ್ತಿದ್ದಂತೆ ಈಚಲ ಕುಂಚ, ಸುಣ್ಣದ ಬಕೀಟು ಹಿಡಿದು ಗುಡ್ಡ ಹತ್ತುತ್ತಿದ್ದವನು ನೀನೇ ತಾನೆ? ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ‘ದಂಡ ಕಟ್ಟಾಕತ್ತೀನಿ’ ಅನ್ನುತ್ತಿದ್ದೆ. ಮುಪ್ಪಿನಲ್ಲಿ ಕಾಲು ಬಾರದಾದಾಗ ಮಗ ಕೊಟ್ರೇಶನ ಹೆಗಲು ಹಿಡಿದು ಹತ್ತಿದೆ. ಅದೇ ಕೊಟ್ರೇಶ, ಮಾವ. ಅದೇ ಹೆಗಲು.

ಅವನು ಈಗ ಲೇಔಟಿನ ಏಜೆಂಟು. ನಿನ್ನ ಫೋಟೋ ಕೊಟ್ಟವನು ಅವನೇ. ಹೇಳಬಾರದು ಅಂದುಕೊಂಡಿದ್ದೆ. ಆದರೆ ನಿನ್ನ ಹತ್ತಿರ ಮುಚ್ಚಿಟ್ಟು ಯಾರಿಗೆ ಹೇಳಲಿ?

ಗುಡ್ಡದ ಬೆನ್ನಿಗೇ ಕರಡಿಧಾಮದ ಗಡಿ. ಅಲ್ಲಿ ಮದ್ದು ಸಿಡಿಸಬಾರದು ಅಂತ ಕಾನೂನು ಓದಿದವರಿಗೆಲ್ಲ ಗೊತ್ತು. ನಾನು ಕೂಡ್ಲಿಗಿಯ ಕಚೇರಿಗಳಿಗೆ ಅಲೆದೆ. ಒಬ್ಬ ಸಾಹೇಬ, ‘ಮೇಡಂ, ರಿಟೈರ್ ಆಗೀರಿ, ಆರಾಮಿರ್ರಿ’ ಅಂದ. ಮೂವತ್ತು ವರ್ಷ ಕೂಡ್ಲಿಗಿಯ ಹೈಸ್ಕೂಲಿನಲ್ಲಿ ನಾಗರಿಕರ ಹಕ್ಕು-ಕರ್ತವ್ಯ ಪಾಠ ಮಾಡಿದವಳಿಗೆ ಇವನ ಹತ್ತಿರ ಆರಾಮದ ಪಾಠ! ನಾನು ಬಸ್ಸಿಳಿದು ಊರು ಸೇರುವಷ್ಟರಲ್ಲಿ ಮೊದಲನೇ ಮದ್ದು ಸಿಡಿಯಿತು. ಮನೆಯ ಪಾತ್ರೆಗಳು ಗೂಡಿನಿಂದ ಉರುಳಿದವು. ಸಿಡಿದದ್ದು ಯಾವುದು ಗೊತ್ತೇನು? ಸುಣ್ಣದ ಬಂಡೆ. ಬಿಳಿ ಚೂರುಗಳು ಹೊಲದವರೆಗೂ ಬಂದು ಬಿದ್ದಿದ್ದವು. ನೀನು ಬಳಿದ ಸುಣ್ಣ, ವರ್ಷದ ಮೇಲೆ ವರ್ಷ ಪದರುಗಟ್ಟಿದ್ದು. ಒಂದು ಚೂರು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಆ ಬಂಡೆಯ ಹಿಂದಿನ ಗವಿಯಲ್ಲಿ ಹೆಣ್ಣು ಕರಡಿ ಇತ್ತು. ಹೊಗೆಯೊಳಗಿಂದ ಅದು ಹೊರಗೆ ಬಂದಾಗ ಅದರ ಹಿಂಗಾಲು ಜಜ್ಜಿಹೋಗಿತ್ತಂತೆ. ಎದುರಿಗೆ ಸಿಕ್ಕವನು ಎಲ್ಲಿಂದಲೋ ಕೂಲಿಗೆ ಬಂದ ವಾಚ್‌ಮನ್. ಕೂಗಬೇಕು ಅಂತ ಅವನಿಗೆ ಹೇಳಿಕೊಟ್ಟವರಿಲ್ಲ. ಹೇಳಿಕೊಟ್ಟಿದ್ದರೂ ಮನೆಯೇ ಸಿಡಿದ ಮೇಲೆ ಯಾವ ಯಜ್ಜ ಹಾದಿ ಬಿಟ್ಟಾನು? ಅವನ ತಲೆಯ ಚರ್ಮ ಕಿತ್ತು ಬಂದಿತ್ತು. ಉಳಿದವರು ಹಾರೆ, ಸುತ್ತಿಗೆ ಹಿಡಿದು ಕರಡಿಯನ್ನು ಬಡಿದರು. ಸತ್ತ ಮೇಲೂ ಬಡಿದರು. ಬಾಯಿಯೊಳಗೆ ಹಾರೆ ತುರುಕಿ, ಮೇಲೆ ಕಾಲಿಟ್ಟು ನಿಂತು ವಿಡಿಯೋ ಮಾಡಿಕೊಂಡರು. ನಾನು ಅದನ್ನು ನೋಡಿದೆ, ಮಾವ. ನೋಡಬಾರದಿತ್ತು. ಅದರ ಒಂದು ಕಣ್ಣು ಹೋಗಿತ್ತು. ಮುಖ ಒಡೆದಿತ್ತು. ನಿನ್ನ ಹಾಗೇ...

ಆ ವಾಚ್‌ಮನ್ ದಾವಣಗೆರೆ ಆಸ್ಪತ್ರೆಯಲ್ಲಿದ್ದಾನೆ. ನೋಡಲು ಹೋಗಿದ್ದೆ. ‘ಡಬ್ ಅಂದ ಮ್ಯಾಲೆ ಒಳಗ ಏನೈತಿ ನೋಡು ಹೋಗು ಅಂದ್ರು ಅಮ್ಮಾ, ಹೋದೆ’ ಅಂದ. ಅಷ್ಟೇ. ಹೋಗು ಅಂದವರ ಮೈಮೇಲೆ ಒಂದು ಗೀರೂ ಇಲ್ಲ.

ಕರಡಿ ಸತ್ತ ಮಾರನೆಯ ವಾರವೇ ಸಭೆ, ನಿನ್ನ ಫ್ಲೆಕ್ಸು. ಲೇಔಟಿನ ಯಜಮಾನ ಮೈಕು ಹಿಡಿದು, ‘ಈ ಹಿರಿಯರ ಮುಖ ನೋಡ್ರಿ. ಬದುಕಿದ್ದರೆ ಅವರೇ ಬಂದು ಗುಡ್ಡ ಸಾಫ್ ಮಾಡ್ರಪಾ ಅಂತಿದ್ದರು’ ಅಂದ. ನಿನ್ನ ಕೈಯಲ್ಲಿ ಮದುವೆ ಬಟ್ಟೆ ಹೊಲಿಸಿಕೊಂಡವರೆಲ್ಲ ಅಲ್ಲೇ ಕೂತಿದ್ದರು.

ನಾನು ಎದ್ದೆ. ‘ಸುಳ್ಳು! ಅವನು ಹಂಗ ಯಾವತ್ತೂ ಅಂದಿಲ್ಲ. ತಪ್ಪು ನಂದು ಅಂತ ಸಾಯೋತನಕ ದಂಡ ಕಟ್ಯಾನ. ಬಂಡೆಗೆ ಸುಣ್ಣ ಬಳಿದು ಬಳಿದು ಕಟ್ಯಾನ!’

ಕೊಟ್ರೇಶ ಓಡಿ ಬಂದ. ‘ಅಕ್ಕಾ, ಕುಂದ್ರು. ಮರ್ಯಾದಿ ತೆಗಿಬ್ಯಾಡ.’

‘ಯಾರ ಮರ್ಯಾದಿಲೇ? ಅಪ್ಪನ ಹರಿದ ಮುಖ ಅಂಗಡಿಗಿಟ್ಟು ಮಾರಾವಂದಾ?’

‘ನೀ ಕೂಡ್ಲಿಗ್ಯಾಗ ಫ್ಯಾನ್ ಕೆಳಗ ಕುಂತು ಪೇಪರ್ ಓದಿದಾಕಿ. ನಿನಗ ಕರಡಿ ಚಂದ. ಇಲ್ಲಿ ಇರಾವ್ರು ನಾವು.’

‘ನಿಮ್ಮಪ್ಪನೂ ಇಲ್ಲೇ ಇದ್ದನಲೇ, ಒಂದ ಕಣ್ಣಾಗ! ಆ ಒಂದು ಕಣ್ಣಿಗೆ ಕಂಡಿದ್ದು ನಿನ್ನ ಎರಡಕ್ಕೂ ಕಾಣವಲ್ದಲ್ಲ.’

ಯಾರೋ ಕಿಸಕ್ಕನೆ ನಕ್ಕರು. ನಾನು ಸೀದಾ ಹೋಗಿ ಫ್ಲೆಕ್ಸಿನ ಅಂಚು ಹಿಡಿದು ಜಗ್ಗಿದೆ. ಹರಿಯಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದೆ, ಮಾವ, ಈ ವಯಸ್ಸಿನಲ್ಲಿ. ನಿನ್ನ ಮುಖ ಇನ್ನೊಂದು ಸಲ ಹರಿಯಿತಲ್ಲ ಅಂತ ಅನ್ನಿಸುವಷ್ಟರಲ್ಲಿ ಅವರ ಆಳು ನನ್ನ ಕೈ ಹಿಂದಕ್ಕೆ ತಿರುಚಿದ. ಒಣಗಿದ ದಂಟಿನ ಹಾಗೆ ಲಟ್ಟೆಂದಿತು. ಕೆಳಗೆ ಬಿದ್ದವಳ ಪಕ್ಕೆಗೆ ಬೂಟುಗಾಲು ಬಿತ್ತು. ಬಂದೋಬಸ್ತಿಗೆ ಬಂದಿದ್ದವರು ಆಕಾಶ ನೋಡುತ್ತಿದ್ದರು. ಕೊಟ್ರೇಶ? ನಿಂತಲ್ಲೇ ನಿಂತಿದ್ದ. ಅವನು ಬಂದು ಎತ್ತುತ್ತಾನೆ ಅಂತ ನಾನು ಕಾದೆ. ಕಾದದ್ದಕ್ಕೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ನನಗೆ ಸೇಡು ಬೇಡ ಅಂತ ನಾನು ಹೇಳುವುದಿಲ್ಲ. ಆ ಜೆಸಿಬಿಗಳಿಗೆ ಬೆಂಕಿ ಹಚ್ಚಬೇಕು ಅಂತ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಸಾವಿರ ಸಲ ಅಂದುಕೊಂಡಿದ್ದೇನೆ. ತಡೆದವನು ನೀನು. ಮುಖ ಕಳೆದುಕೊಂಡ ಮೇಲೂ ಕೋವಿ ಹುಡುಕದೆ ಕುಂಚ ಹಿಡಿದವನು.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಮೊನ್ನೆ ಊರಿನ ಹೆಣ್ಣುಮಕ್ಕಳು ಲೇಔಟಿನ ಕಮಾನಿನ ಎರಡೂ ಕಂಬಗಳಿಗೆ ಬುಡದಿಂದ ಕೈಗೆಟುಕುವವರೆಗೆ ಸುಣ್ಣ ಬಳಿದರು. ಬಂಡೆ ಒಡೆದರೆ ಗಡಿ ಅಳಿಯಿತೇ? ಇನ್ನು ಇದೇ ಗಡಿ. ಅದರಾಚೆ ಯಜ್ಜನ ಪಾಲು. ಮುಂದೆ ನಿಂತು ಬಳಿದವಳು ನಿನ್ನ ಸೊಸೆ, ಕೊಟ್ರೇಶನ ಹೆಂಡತಿ. ಮನೆಯ ಅಟ್ಟದಿಂದ ನಿನ್ನ ಈಚಲ ಕುಂಚವನ್ನೇ ಇಳಿಸಿಕೊಂಡು ಬಂದಿದ್ದಳು. ‘ಮಾವನೋರು ಇದನ್ನ ನನ್ನ ಕೈಗೆ ಕೊಟ್ಟು ಹೋಗ್ಯಾರ, ಮಗನ ಕೈಗಲ್ಲ’ ಅಂದಳಂತೆ. ಆಸ್ತಿ ಹಾಳು ಮಾಡಿದರು ಅಂತ ಈಗ ಆ ಹೆಣ್ಣುಮಕ್ಕಳ ಮೇಲೆ ಕೇಸು. ಕರಡಿ ಕೊಂದವರ ಮೇಲೆ ಇಲ್ಲ, ನನ್ನ ಕೈ ಮುರಿದವರ ಮೇಲೆ ಇಲ್ಲ. ಸುಣ್ಣದ ಮೇಲೆ ಕೇಸು!

ಬರುವ ಸಂತೆಯ ದಿನ ಕಾನಹೊಸಹಳ್ಳಿಯಲ್ಲಿ, ನಿನ್ನ ಅಂಗಡಿ ಇದ್ದ ಕಟ್ಟೆಯ ಮೇಲೆ ನಿಂತು ಈ ಕಾಗದವನ್ನು ಗಟ್ಟಿಯಾಗಿ ಓದುತ್ತೇನೆ. ಇದು ನಿನಗೆ ನನ್ನ ಮಾತು. ಕೇಳಬೇಕಾದವರೆಲ್ಲ ಆ ಸಂತೆಗೆ ಬರಲಿ.

ಕರಡಿಧಾಮದ ಮಗ್ಗುಲಲ್ಲಿ ಮದ್ದು ಇಡಲು ಅಪ್ಪಣೆ ಕೊಟ್ಟವರು ಯಾರು? ಗವಿಯೊಳಗೆ ನೋಡು ಹೋಗು ಅಂತ ಆ ಕೂಲಿಯವನನ್ನು ದಬ್ಬಿದವರು ಯಾರು? ನಮ್ಮ ಮಾವ ಆಡದ ಮಾತನ್ನು ಅವನ ಹರಿದ ಬಾಯಿಗೆ ಇಟ್ಟವರು ಯಾರು? ಕಚೇರಿಯೊಳಗೆ ನನ್ನ ಕಿವಿಯಲ್ಲಿ ಹೇಳುವುದು ಬೇಡ. ಕಳುವಿಗೆ ಹೋಗುವವನೇ ಬಾಯಿ ಮುಚ್ಚಿಕೊಂಡು ಹೋಗುವುದು. ನೀವು ಕಳ್ಳರಲ್ಲದಿದ್ದರೆ ಸುಣ್ಣದ ಕಂಬದ ಈಚೆ ನಿಂತು, ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿ.